ಗುರಿ ತಪ್ಪಿಸಿದುದು ಕೈಯೋ, ಪಿಸ್ತೂಲೋ?

‘ಕುಣಿಯಲಾರದವಳು ನೆಲ ಡೊಂಕೆಂದಳು’ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಇನ್ನೊಬ್ಬರನ್ನು ಹಾಸ್ಯಮಾಡುವುದಕ್ಕೆ ಅದನ್ನು ಧಾರಾಳವಾಗಿ ಬಳಸುವೆವು. ಆದರೆ ನೆಲವು ನಿಜವಾಗಿಯೇ ಡೊಂಕಾಗಿರುವ ಸಂದರ್ಭಗಳೂ ಉಂಟು. ಆಗ ಕುಣಿಯುವವಳನ್ನು ಗದರಿಸುವುದು ಅನ್ಯಾಯವಾಗುವುದು. ಡೊಂಕು ನೆಲದಲ್ಲಿರುವುದೋ ಕಾಲಿನಲ್ಲಿರುವುದೋ ಎಂಬುದನ್ನು ನಿರ್ಣಯಿಸಲು ಗಾದೆಯಿಂದಾಗದು. ಗಾರೆಯವನ ರಸಮಟ್ಟವನ್ನು ತಂದು ನೆಲದ ಮೇಲಿಟ್ಟು ನೋಡಬೇಕು. ಗುರಿಯ ಆಟಕ್ಕೆ ಬಳಸುವ ಸಣ್ಣ ಪಿಸ್ತೂಲಿನ ವಿಷಯದಲ್ಲಿ ಈ ರಸಮಟ್ಟವು ಯಾವುದು, ಅದನ್ನು ಇಡುವ ಬಗೆ ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಬೇಕೆಂದಿದ್ದೇನೆ.

ಗೃಹಸ್ಥರಿಗೆ ಪಿಸ್ತೂಲಿನ ಗೊಡವೆ ಏತಕ್ಕೆಂದು ವಾಚಕರು ಕೇಳಬಹುದು. ನನಗೂ ಬಹುಕಾಲ ಆ ಗೊಡವೆ ಇರಲಿಲ್ಲ. ಕಾಲೇಜಿನ ದಿನಗಳಲ್ಲಿ ಎನ್.ಸಿ.ಸಿ.ಯವರು ಕೊಟ್ಟ ರೈಫಲಿನಿಂದ ಹತ್ತಾರು ಗುಂಡುಗಳನ್ನು ಹಾರಿಸಿದುದೇ ನನ್ನ ಅನುಭವ. ಮೈಸೂರಿನಲ್ಲಿರುವ ನನ್ನ ಸ್ನೇಹಿತರೊಬ್ಬರ ಮನೆಯಲ್ಲಿ ಉಂಟಾದ ಒಂದು ತೊಡಕು ನನ್ನನ್ನು ಈ ವಿಚಾರಕ್ಕೆ ಎಳೆಯಿತು.

ಬಳೆಗಳ ಪ್ರಶ್ನೆ

ನನ್ನ ಸ್ನೇಹಿತರ ಮಗಳಿಗೆ ಇಪ್ಪತ್ತೆರಡು ವರ್ಷ. ಓದಿನ ಜತೆಗೆ ಗುರಿಯಾಟದಲ್ಲಿ ಆಸಕ್ತಿ ಬೆಳೆಸಿಕೊಂಡವಳು. ಸಂಘದ ಸದಸ್ಯತ್ವ, ಸರಕಾರದ ಪರವಾನಗಿ ಮೊದಲಾದುವನ್ನೆಲ್ಲ ಕ್ರಮವಾಗಿ ಪಡೆದು, ಆಟವನ್ನು ಬಿಟ್ಟ ಹಿರಿಯರೊಬ್ಬರಿಂದ ಒಂದು ಹಳೆಯ ಪಿಸ್ತೂಲನ್ನು ಕೊಂಡಿದ್ದಳು. ಮೊದಲ ವರ್ಷ ಅವಳ ಅಂಕಗಳು ಏರುತ್ತ ಬಂದುವು, ಆಮೇಲೆ ನಿಂತುಬಿಟ್ಟುವು. ಮೂವತ್ತು ಗುಂಡುಗಳಿಗೆ ಮುನ್ನೂರು ಅಂಕವಾದರೆ, ಅವಳಿಗೆ ಇನ್ನೂರ ಅರವತ್ತರ ಸುಮಾರಿಗಿಂತ ಮೇಲೇರುವುದು ಸಾಧ್ಯವಾಗಲಿಲ್ಲ. ಒಂದು ಸಂಜೆ ಅವರ ಮನೆಗೆ ಹೋದಾಗ ಅವಳು ನನ್ನೊಡನೆ, “ಮಾಮ, ಗುಂಡು ಬಿಟ್ಟ ಗಳಿಗೆಯಲ್ಲಿ ಕೈ ಸರಿಯಾಗಿತ್ತೆಂದು ನನಗೆ ಗೊತ್ತಾಗುತ್ತದೆ. ಆದರೂ ಅದು ಎಂಟಕ್ಕೆ ಹೋಗಿ ಬೀಳುತ್ತದೆ. ಈಗೀಗ ನನ್ನ ಕೈಯನ್ನೇ ನಾನು ನಂಬಲಾರೆ” ಎಂದಳು.

ಅವಳ ತಂದೆಯವರು ಪಿಸ್ತೂಲಿನದೇ ತಪ್ಪೆಂದು ನಿಶ್ಚಯಿಸಿದ್ದರು. ವಿದೇಶದಿಂದ ಬರುವ ಹೊಸ ಪಿಸ್ತೂಲೆಂದರೆ ಲಕ್ಷಗಳ ಮಾತು. ತಾಯಿಯವರು ಒಳಗಿನಿಂದ ಬಂದು, ತಮ್ಮ ಮದುವೆಯ ಬಳೆಗಳನ್ನು ಕೊಡುವುದಾಗಿ ಆಗಲೇ ಹೇಳಿಬಿಟ್ಟಿದ್ದೇನೆಂದರು. “ಬಳೆ ಇನ್ನೊಂದು ದಿನ ಮಾಡಿಸಿಕೊಂಡರಾಯಿತು. ಹುಡುಗಿಯ ಧೈರ್ಯ ಹೋದರೆ ಅದನ್ನು ಯಾವ ಅಕ್ಕಸಾಲಿಗ ಮಾಡಿಕೊಟ್ಟಾನು?” ಎಂಬುದು ಅವರ ವಾದ. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಬಳೆಗಳನ್ನು ಮಾರುವ ಮೊದಲು ಹಳೆಯ ಪಿಸ್ತೂಲನ್ನು ನ್ಯಾಯವಾಗಿ ವಿಚಾರಣೆಗೆ ನಿಲ್ಲಿಸಬೇಕೆಂದು ನಾನು ಕೇಳಿಕೊಂಡೆನು. ಆಪಾದಿತನಿಗೂ ವಿಚಾರಣೆಯ ಹಕ್ಕುಂಟಷ್ಟೆ!

ಅಂಚಿನಲ್ಲಿ ಕಿಡಿಯುಳ್ಳ ತೋಟಾ

ಮೊದಲು ಈ ಪಿಸ್ತೂಲು ನುಂಗುವ ಆಹಾರವನ್ನು ತಿಳಿಯೋಣ. ದೊಡ್ಡ ಬಂದೂಕುಗಳ ತೋಟಾದಲ್ಲಿ ತಳದ ನಡುವೆ ಒಂದು ಪುಟ್ಟ ಬಟ್ಟಲಿದ್ದು, ಪೆಟ್ಟಿಗೆ ಕಿಡಿಯಾಗುವ ಮದ್ದು ಅದರೊಳಗೆ ಇರುವುದು. ಸಣ್ಣ ತೋಟಾದಲ್ಲಿ ಹಾಗಿಲ್ಲ. ಅದರ ಹಿತ್ತಾಳೆಯ ಕೋಶದ ತಳಕ್ಕೆ ಮಡಿಸಿದ ಅಂಚೊಂದಿದ್ದು, ಆ ಮಡಿಕೆಯೊಳಗೆ ಸುತ್ತಲೂ ಕಿಡಿಮದ್ದನ್ನು ತುಂಬಿರುವರು. ಪಿಸ್ತೂಲಿನ ಸೂಜಿಯು ನಡುವಿಗೆ ಹೊಡೆಯದೆ ಅಂಚಿಗೆ ಹೊಡೆಯುವುದು. ಅಂಚು ನಜ್ಜಾಗಿ ಕಿಡಿ ಹುಟ್ಟುವುದು. ಒಳಗಿನ ಮದ್ದು ಉರಿದು ಸೀಸದ ಗುಂಡನ್ನು ನೂಕುವುದು. ಫ್ರಾನ್ಸಿನ ಫ್ಲೋಬೇರ್ ಎಂಬವನು ೧೮೪೫ರಲ್ಲಿ ಈ ಬಗೆಯ ಕಿರಿದಾದ ತೋಟಾವನ್ನು ನಿರ್ಮಿಸಿದನು. ೧೮೫೭ರಲ್ಲಿ ಅಮೆರಿಕದ ಸ್ಮಿತ್ ಮತ್ತು ವೆಸನ್ ಕಂಪೆನಿಯವರು ತಮ್ಮ ಮೊದಲನೆಯ ರಿವಾಲ್ವರಿಗೆ ‘.೨೨ ಶಾರ್ಟ್’ ಎಂಬುದನ್ನು ಹೊರತಂದರು. ಇಂದು ಜಗತ್ತಿನಲ್ಲೆಲ್ಲ ಬಳಕೆಯಲ್ಲಿರುವ ‘.೨೨ ಲಾಂಗ್ ರೈಫಲ್’ ಹುಟ್ಟಿದುದು ೧೮೮೭ರಲ್ಲಿ, ಸ್ಟೀವನ್ಸ್ ಕಂಪೆನಿಯಿಂದ. ಹೆಸರಿನಲ್ಲಿ ರೈಫಲೆಂದಿದ್ದರೂ ಗುರಿಯ ಪಿಸ್ತೂಲುಗಳಿಗೂ ಇದೇ ತೋಟಾ. ಇದರ ಗುಂಡಿನ ವ್ಯಾಸ ೫.೬ ಮಿಲಿಮೀಟರು, ತೂಕ ಸಾಮಾನ್ಯವಾಗಿ ೪೦ ಗ್ರೇನು, ಎಂದರೆ ಸುಮಾರು ೨.೬ ಗ್ರಾಮು.

ಈ ತೋಟಾ ಅಗ್ಗ, ಸದ್ದು ಅಲ್ಪ, ಒದೆತ ಅತ್ಯಲ್ಪ. ಆದುದರಿಂದ ಅಭ್ಯಾಸಕ್ಕೆ ಇದಕ್ಕಿಂತ ಅನುಕೂಲವಾದುದು ಮತ್ತೊಂದಿಲ್ಲ. ಆದರೆ ಇದರಲ್ಲೊಂದು ಕಟ್ಟೂ ಉಂಟು. ನಡುವೆ ಕಿಡಿಯುಳ್ಳ ತೋಟಾದ ಖಾಲಿ ಕೋಶವನ್ನು ಮತ್ತೆ ತುಂಬಿ, ಮದ್ದನ್ನು ತೂಗಿ, ತನ್ನ ಬಂದೂಕಿಗೆ ಹೊಂದುವಂತೆ ಮಾಡಿಕೊಳ್ಳಬಹುದು. ಅಂಚಿನ ತೋಟಾ ಒಮ್ಮೆ ನಜ್ಜಾದರೆ ಮುಗಿಯಿತು. ಕಾರಖಾನೆಯವರು ಹೇಗೆ ತುಂಬಿ ಕಳುಹಿಸಿದರೋ ಹಾಗೆಯೇ ಅದನ್ನು ಉಪಯೋಗಿಸಬೇಕು. ನಾವು ಮಾಡಬಹುದಾದುದು ಆರಿಸಿಕೊಳ್ಳುವುದೊಂದೇ. ಈ ಸಂಗತಿಯು ಮುಂದಿನ ಕಥೆಗೆ ಮುಖ್ಯವಾದುದು.

ಗುರಿಹಲಗೆಯ ಲೆಕ್ಕ

ಆ ಹುಡುಗಿ ಆಡುವ ಪಂದ್ಯವು ೨೫ ಮೀಟರು ದೂರದ್ದು. ಒಲಿಂಪಿಕ್ ಕ್ರೀಡೆಗಳಲ್ಲಿ ಸ್ತ್ರೀಯರಿಗೆ ಈ ಪಂದ್ಯವು ೧೯೮೪ರಲ್ಲಿ ಲಾಸ್ ಏಂಜಲೀಸಿನಲ್ಲಿ ಮೊದಲಾಯಿತು. ಮೂವತ್ತು ಗುಂಡುಗಳನ್ನು ನಿಧಾನವಾಗಿಯೂ, ಇನ್ನು ಮೂವತ್ತನ್ನು ಮೂರು ಮೂರು ಸೆಕೆಂಡುಗಳ ಅವಕಾಶದಲ್ಲಿ ಒಂದೊಂದಾಗಿ ವೇಗವಾಗಿಯೂ ಹಾರಿಸಬೇಕು. ನಿಧಾನದ ಭಾಗದ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ ೫೦ ಮಿಲಿಮೀಟರು. ಅಲ್ಲಿಂದ ಹೊರಕ್ಕೆ ಒಂದೊಂದು ವೃತ್ತವೂ ೫೦ ಮಿಲಿಮೀಟರು ಹಿರಿದು. ಗುಂಡು ಗೆರೆಯನ್ನು ಮುಟ್ಟಿದರೂ ಒಳಗಿನ ಅಂಕವೇ ಸಲ್ಲುವುದು. ಆದುದರಿಂದ ಗುಂಡಿನ ನಡುಬಿಂದುವು ಕೇಂದ್ರದಿಂದ ೨೭.೮ ಮಿಲಿಮೀಟರಿನೊಳಗೆ ಬಿದ್ದರೆ ಹತ್ತು ಅಂಕ ದೊರೆಯುವುದು.

ನಮ್ಮ ದೇಶದವರು ಈ ಸಣ್ಣ ತೋಟಾದಿಂದ ದೊಡ್ಡ ಕೀರ್ತಿಯನ್ನು ತಂದಿರುವರು. ೨೦೧೨ರ ಲಂಡನ್ ಒಲಿಂಪಿಕ್ಕಿನಲ್ಲಿ ವಿಜಯಕುಮಾರರು ೨೫ ಮೀಟರಿನ ಕ್ಷಿಪ್ರ ಪಿಸ್ತೂಲು ಪಂದ್ಯದಲ್ಲಿ ಬೆಳ್ಳಿಯ ಪದಕವನ್ನು ಗಳಿಸಿದರು. ೨೦೧೮ರ ಏಷ್ಯಾ ಕ್ರೀಡೆಗಳಲ್ಲಿ ಕೊಲ್ಹಾಪುರದ ರಾಹಿ ಸರ್ನೋಬತ್ ೨೫ ಮೀಟರಿನಲ್ಲಿ ಚಿನ್ನವನ್ನು ಪಡೆದರು. ೨೦೨೪ರಲ್ಲಿ ಪ್ಯಾರಿಸ್ಸಿನಲ್ಲಿ ಮನು ಭಾಕರ್ ಇದೇ ಪಂದ್ಯದಲ್ಲಿ ನಾಲ್ಕನೆಯವರಾಗಿ ನಿಂತರು. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪನವರು ೨೦೧೬ರಲ್ಲಿ ರಿಯೋ ನಗರದ ಒಲಿಂಪಿಕ್ಕಿನ ೫೦ ಮೀಟರಿನ ಪಿಸ್ತೂಲು ಪಂದ್ಯದಲ್ಲಿ ಭಾಗವಹಿಸಿದರು. ಆ ಪಂದ್ಯವು ಒಲಿಂಪಿಕ್ಕಿನಲ್ಲಿ ನಡೆದುದು ಅದೇ ಕೊನೆಯ ಬಾರಿ; ಆಮೇಲೆ ಅದನ್ನು ಕೈಬಿಟ್ಟರು.

ಎರಡು ಬಗೆಯ ತಪ್ಪು

ಪಿಸ್ತೂಲು ‘ಸರಿಯಾಗಿ ಹೊಡೆಯುವುದಿಲ್ಲ’ ಎಂಬ ದೂರಿನಲ್ಲಿ ಎರಡು ದೂರುಗಳು ಅಡಗಿರುವುವು. ಹತ್ತು ಗುಂಡುಗಳೂ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಒತ್ತಾಗಿ ಬಿದ್ದು, ಆ ಜಾಗವು ಮಾತ್ರ ಕೇಂದ್ರದಿಂದ ಎಡಕ್ಕೋ ಬಲಕ್ಕೋ ಸರಿದಿದ್ದರೆ ಅದು ಒಂದು ಬಗೆ. ಗುಂಡುಗಳು ಕೇಂದ್ರದ ಸುತ್ತಲೂ ಹರಡಿ ಬಿದ್ದು, ಎರಡು ಗುಂಡು ಒಂದೆಡೆ ಸೇರದಿದ್ದರೆ ಅದು ಇನ್ನೊಂದು ಬಗೆ. ಮೊದಲನೆಯದು ತಪ್ಪೇ ಅಲ್ಲವೆಂದರೂ ಸಲ್ಲುವುದು. ಹಿಂದಿನ ಗುರಿಗಂಡಿಯ ತಿರುಪನ್ನು ನಾಲ್ಕು ಸಲ ತಿರುಗಿಸಿದರೆ ಆ ಗುಂಪು ಕೇಂದ್ರಕ್ಕೆ ಬಂದು ನಿಲ್ಲುವುದು. ಹೊತ್ತಿಗೆ ಐದು ನಿಮಿಷ ಮುಂದೆ ಓಡುವ ಗಡಿಯಾರವನ್ನು ಸರಿಪಡಿಸಿಕೊಳ್ಳಬಹುದಲ್ಲವೆ? ಒಂದು ದಿನ ಮುಂದೆ, ಒಂದು ದಿನ ಹಿಂದೆ ಓಡುವ ಗಡಿಯಾರಕ್ಕೆ ಮಾತ್ರ ಮದ್ದಿಲ್ಲ. ಆದುದರಿಂದ ಪಿಸ್ತೂಲಿನ ಯೋಗ್ಯತೆಯನ್ನು ಅಳೆಯುವಾಗ ಗುಂಪು ಎಲ್ಲಿ ಬಿದ್ದಿತೆಂಬುದನ್ನು ಬದಿಗಿಟ್ಟು, ಅದು ಎಷ್ಟು ಒತ್ತಾಗಿದೆಯೆಂಬುದನ್ನೇ ನೋಡಬೇಕು.

ಅಳೆಯುವ ಕ್ರಮ ಹೀಗೆ. ಗುಂಪಿನಲ್ಲಿ ಪರಸ್ಪರ ಅತಿ ದೂರವಾಗಿರುವ ಎರಡು ತೂತುಗಳನ್ನು ಹಿಡಿದು, ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು, ಅದರಲ್ಲಿ ಒಂದು ಗುಂಡಿನ ವ್ಯಾಸವಾದ ೫.೬ ಮಿಲಿಮೀಟರನ್ನು ಕಳೆಯಬೇಕು. ಉಳಿದುದು ನಡುವಿನಿಂದ ನಡುವಿಗಿರುವ ಹರವು. ಇದು ಸುಲಭವಾದ ಅಳತೆ. ಆದರೆ ಹತ್ತು ಗುಂಡುಗಳಲ್ಲಿ ಎರಡರ ಸಾಕ್ಷ್ಯವನ್ನು ಮಾತ್ರ ಕೇಳಿ ಎಂಟರ ಬಾಯಿ ಮುಚ್ಚಿಸುವ ದೋಷವು ಇದರಲ್ಲಿರುವುದು. ಶ್ರದ್ಧೆಯುಳ್ಳವರು ಗುಂಪಿನ ನಡುಬಿಂದುವನ್ನು ಗುರುತಿಸಿ, ಪ್ರತಿಯೊಂದು ಗುಂಡೂ ಅದರಿಂದ ಎಷ್ಟು ದೂರದಲ್ಲಿದೆಯೆಂದು ಅಳೆದು ಸರಾಸರಿಯನ್ನು ತೆಗೆಯುವರು. ಇದರಲ್ಲಿ ಎಲ್ಲ ಗುಂಡುಗಳಿಗೂ ಮಾತನಾಡಲು ಅವಕಾಶವುಂಟು.

ಒಂದು ಕಾಗದವನ್ನು ನಂಬಬೇಡಿರಿ

ಇಲ್ಲಿ ಕೊಳ್ಳುವವರು ಮೋಸಹೋಗುವ ಸ್ಥಳವೊಂದುಂಟು. ಕೆಲವು ಕಾರಖಾನೆಯವರು ಪಿಸ್ತೂಲಿನ ಜತೆಯಲ್ಲಿ ತಾವು ಹೊಡೆದು ನೋಡಿದ ಗುರಿಕಾಗದವನ್ನಿಟ್ಟು ಕಳುಹಿಸುವರು. ಹಳೆಯದನ್ನು ಮಾರುವವರು ತಮ್ಮಲ್ಲಿರುವ ಅತ್ಯುತ್ತಮವಾದ ಕಾಗದವನ್ನು ತೋರಿಸುವರು. ಅದರಲ್ಲಿ ಐದು ಗುಂಡುಗಳೋ, ಕೆಲವೊಮ್ಮೆ ಮೂರೇ ಗುಂಡುಗಳೋ ಒಂದರ ಮೇಲೊಂದು ಬಿದ್ದು ಕೊಳ್ಳುವವನ ಮನಸ್ಸನ್ನು ಸೆಳೆಯುವುವು. ಆದರೆ ಗುಂಡುಗಳು ಕಡಮೆಯಾದಷ್ಟೂ ಗುಂಪು ಕಿರಿದಾಗಿ ಕಾಣುವುದೆಂಬುದು ಗಣಿತದ ನಿಯಮ. ಒಂದು ಪಿಸ್ತೂಲಿನ ಐದು ಗುಂಡಿನ ಗುಂಪು ಸರಾಸರಿಯಲ್ಲಿ ೨೦ ಮಿಲಿಮೀಟರಿದ್ದರೆ, ಅದೇ ಪಿಸ್ತೂಲು ಮೂರು ಗುಂಡಿಗೆ ಸುಮಾರು ೧೬, ಹತ್ತು ಗುಂಡಿಗೆ ಸುಮಾರು ೨೫ ಮಿಲಿಮೀಟರನ್ನು ತೋರಿಸುವುದು. ಪಿಸ್ತೂಲು ಬದಲಾಗಲಿಲ್ಲ; ನಾವು ಎಣಿಸಿದ ಗುಂಡುಗಳು ಮಾತ್ರ ಬದಲಾದುವು. ಆದುದರಿಂದ ಒಬ್ಬರ ಮೂರು ಗುಂಡಿನ ಕಾಗದವನ್ನು ಇನ್ನೊಬ್ಬರ ಹತ್ತು ಗುಂಡಿನ ಕಾಗದಕ್ಕೆ ಹೋಲಿಸುವುದು ಸೇರಿನ ಅಳತೆಯನ್ನು ಪಾವಿನ ಅಳತೆಗೆ ಹೋಲಿಸಿದಂತಾಗುವುದು.

ಅದಲ್ಲದೆ, ಅದೃಷ್ಟಕ್ಕೂ ಇದರಲ್ಲಿ ಪಾಲುಂಟು. ಸರಾಸರಿ ೨೦ ಮಿಲಿಮೀಟರಿನ ಪಿಸ್ತೂಲೇ ಒಮ್ಮೆ ೧೪, ಇನ್ನೊಮ್ಮೆ ೨೮ ಮಿಲಿಮೀಟರಿನ ಗುಂಪನ್ನು ಕೊಟ್ಟರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ೧೪ರ ಕಾಗದವನ್ನು ಗೋಡೆಗೆ ತೂಗುಹಾಕಿ ೨೮ರ ಕಾಗದವನ್ನು ಒಲೆಗೆ ಹಾಕಿದರೆ, ಸುಳ್ಳಾಡದೆಯೇ ಸುಳ್ಳನ್ನು ನಂಬಿಸಿದಂತಾಗುವುದು. ಹತ್ತು ಹತ್ತು ಗುಂಡುಗಳ ಕೆಲವು ಗುಂಪುಗಳನ್ನು ಹೊಡೆದು, ಒಂದನ್ನೂ ಬಿಡದೆ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದು, ಸರಾಸರಿಯನ್ನು ನೋಡುವುದೇ ನ್ಯಾಯವಾದ ಮಾರ್ಗ.

ಕೈಯನ್ನು ದೂರವಿಡುವ ಬಗೆ

ಪಿಸ್ತೂಲನ್ನು ಪರೀಕ್ಷಿಸಬೇಕಾದರೆ ಹಿಡಿದವರ ಕೈಯ ದೋಷವು ಅದಕ್ಕೆ ಅಂಟದಂತೆ ನೋಡಿಕೊಳ್ಳಬೇಕು. ಇದಕ್ಕಾಗಿ ಪಾಶ್ಚಾತ್ಯ ದೇಶಗಳಲ್ಲಿ ಒಂದು ಯಂತ್ರವನ್ನು ಬಳಸುವರು. ಪಿಸ್ತೂಲಿನ ಮರದ ಹಿಡಿಯನ್ನು ಕಳಚಿ, ಅದರ ಲೋಹದ ಚೌಕಟ್ಟನ್ನು ಯಂತ್ರದ ತೋಳಿನಲ್ಲಿ ಬಿಗಿಯುವರು. ಗುಂಡು ಹಾರಿದಾಗ ತೋಳು ಮೇಲಕ್ಕೇಳುವುದು. ಅದನ್ನು ಮರಳಿ ಅದೇ ಸ್ಥಾನಕ್ಕೆ ಇಳಿಸಿ ಮುಂದಿನ ಗುಂಡನ್ನು ಹಾರಿಸುವರು. ಯಂತ್ರವೂ ಮೊದಲಲ್ಲಿ ಕೊಂಚ ಅಲುಗಾಡಿ ಆಮೇಲೆ ನೆಲೆಗೊಳ್ಳುವುದರಿಂದ, ಆರಂಭದ ಕೆಲವು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಯಂತ್ರವಿಲ್ಲದೆಡೆಯಲ್ಲಿ ಮರಳಿನ ಚೀಲವೇ ಆಧಾರ. ಮೇಜಿನ ಮುಂದೆ ಕುಳಿತು, ಮಣಿಕಟ್ಟನ್ನೂ ಪಿಸ್ತೂಲನ್ನೂ ಚೀಲದ ಮೇಲಿರಿಸಿ, ನುರಿತವರೊಬ್ಬರು ಎರಡು ಕೈಗಳಿಂದ ಹಿಡಿದು ಹೊಡೆಯುವರು. ಇದರಲ್ಲಿ ಹೊಡೆಯುವವರ ಕಣ್ಣಿನ ದೋಷವು ಸ್ವಲ್ಪ ಸೇರಿಕೊಳ್ಳುವುದು ನಿಜ. ಆದರೆ ಅದರಿಂದ ಗುಂಪು ಹಿಗ್ಗೀತೇ ಹೊರತು ಕುಗ್ಗಲಾರದು. ಎಂದರೆ, ಮರಳಿನ ಚೀಲದಿಂದ ೨೫ ಮಿಲಿಮೀಟರಿನ ಗುಂಪು ಬಂದರೆ ಪಿಸ್ತೂಲು ಅದಕ್ಕಿಂತ ಕೆಟ್ಟದಲ್ಲವೆಂದು ತಿಳಿಯಬಹುದು.

ಗುಂಪಿನ ಆಕಾರವೂ ಮಾತನಾಡುವುದು. ಗುಂಡುಗಳು ಎರಡು ಬೇರೆ ಬೇರೆ ಗುಂಪುಗಳಾಗಿ ಬಿದ್ದರೆ ಗುರಿಗಂಡಿಯೋ ನಳಿಗೆಯೋ ಸಡಿಲವಾಗಿದೆಯೆಂದು ಶಂಕಿಸಬೇಕು. ಮೇಲಿಂದ ಕೆಳಕ್ಕೆ ಸಾಲಾಗಿ ಬಿದ್ದರೆ ತೋಟಾಗಳ ವೇಗದಲ್ಲಿ ಸಮತೆಯಿಲ್ಲದಿರಬಹುದು. ಕೈಯಿಂದ ತುಂಬಿದ ಮೊದಲನೆಯ ಗುಂಡೊಂದೇ ಪ್ರತಿಸಲವೂ ದೂರಕ್ಕೆ ಹೋಗಿ, ಪಿಸ್ತೂಲು ತಾನಾಗಿ ತುಂಬಿಕೊಂಡ ಉಳಿದ ನಾಲ್ಕು ಒಂದೆಡೆ ಸೇರಿದರೆ, ತೋಟಾ ಕೂರುವ ಬಗೆಯಲ್ಲಿ ಭೇದವಿರಬಹುದು. ನಳಿಗೆಯ ಬಾಯಿಯ ಅಂಚಿಗೆ ಪೆಟ್ಟು ತಗಲಿದ್ದರೂ ಗುಂಪು ಹರಡುವುದು. ಗುಂಡು ಕೊನೆಯದಾಗಿ ಮುಟ್ಟಿ ಹೊರಡುವ ಸ್ಥಳವು ಅದೇ ಅಲ್ಲವೆ?

ಪರೀಕ್ಷೆಯ ದಿನ

ಹುಡುಗಿಯ ಗುರುಗಳು ವಯಸ್ಸಾದವರು, ಮಿತಭಾಷಿಗಳು. ಒಂದು ಭಾನುವಾರ ಬೆಳಿಗ್ಗೆ, ಗಾಳಿಯಿಲ್ಲದ ಹೊತ್ತಿನಲ್ಲಿ, ಗುಂಡು ಹಾರಿಸುವ ಮೈದಾನದಲ್ಲಿ ನಾವೆಲ್ಲರೂ ಸೇರಿದೆವು. ತಾಯಿಯವರೂ ಬಂದಿದ್ದರು, ಕೈಯಲ್ಲಿ ಬಳೆಗಳಿದ್ದುವು. ಗುರುಗಳು ಪಿಸ್ತೂಲಿನ ಒಂದೊಂದು ತಿರುಪನ್ನೂ ಬಿಗಿಮಾಡಿ, ನಳಿಗೆಯ ಬಾಯನ್ನು ಕನ್ನಡಿಗಾಜಿನಿಂದ ನೋಡಿ, ಮೂರು ಬಗೆಯ ತೋಟಾಗಳನ್ನು ಮೇಜಿನ ಮೇಲಿಟ್ಟರು. ಮೊದಲನೆಯದು ಹುಡುಗಿ ಒಂದು ವರ್ಷದಿಂದ ಬಳಸುತ್ತಿದ್ದುದು, ಅಗ್ಗದ್ದು. ಉಳಿದೆರಡು ಬೇರೆಯವರಿಂದ ತಂದವು. ಒಂದು ಬಗೆಯಿಂದ ಇನ್ನೊಂದಕ್ಕೆ ಹೋಗುವಾಗ ಹತ್ತು ಗುಂಡುಗಳನ್ನು ಸುಮ್ಮನೆ ಹಾರಿಸಿದರು. ಗುಂಡಿಗೆ ಬಳಿದ ಮೇಣವು ನಳಿಗೆಯೊಳಗೆ ಅಂಟಿರುವುದೆಂದೂ, ಹೊಸ ತೋಟಾ ತನ್ನ ಮೇಣವನ್ನು ಬಳಿದುಕೊಳ್ಳುವವರೆಗೆ ಅದರ ನಿಜವಾದ ಗುಣವು ಕಾಣದೆಂದೂ ಹೇಳಿದರು.

ಒಂದೊಂದು ಬಗೆಗೂ ಹತ್ತು ಗುಂಡುಗಳ ಮೂರು ಗುಂಪುಗಳಾದುವು. ತಂದೆಯವರು ಅಳೆದರು, ನಾನು ಬರೆದುಕೊಂಡೆನು. ಸರಾಸರಿ ಹರವು ಮೊದಲನೆಯ ತೋಟಾಕ್ಕೆ ೫೬ ಮಿಲಿಮೀಟರು, ಎರಡನೆಯದಕ್ಕೆ ೩೮, ಮೂರನೆಯದಕ್ಕೆ ೨೫. ಅದೇ ಪಿಸ್ತೂಲು, ಅದೇ ಕೈ, ಅದೇ ಬೆಳಗು! ಮೂರನೆಯ ತೋಟಾದಿಂದ ಹೊಡೆದ ಮೂವತ್ತು ಗುಂಡುಗಳೂ, ಗುರಿಗಂಡಿಯನ್ನು ಸರಿಪಡಿಸಿದ ಬಳಿಕ, ಹತ್ತರ ವೃತ್ತದೊಳಗೇ ಇದ್ದುವು. ಮೊದಲನೆಯದರಲ್ಲಿ ಸುಮಾರು ಆರಕ್ಕೊಂದು ಗುಂಡು ಹತ್ತನ್ನು ತಪ್ಪಿಸಿಕೊಂಡಿತ್ತು.

ಹುಡುಗಿ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಹಾಗಾದರೆ ನಾನು ಸರಿಯಾಗಿ ಬಿಟ್ಟ ಗುಂಡೂ ಎಂಟಕ್ಕೆ ಹೋಗುತ್ತಿದ್ದುದು ಸುಳ್ಳಲ್ಲ” ಎಂದಳು. ಗುರುಗಳು ನಕ್ಕು, “ಸುಳ್ಳಲ್ಲ, ಮಗೂ. ಆದರೆ ಅಷ್ಟೇ ನಿಜವೂ ಅಲ್ಲ. ಈಗ ನಿನ್ನ ಕಾಗದಗಳನ್ನು ತೆಗೆ” ಎಂದರು.

ಕರ್ಣದ ಲೆಕ್ಕ

ಅವಳು ನಿಂತು, ಒಂದೇ ಕೈಯಿಂದ, ಆ ಅಗ್ಗದ ತೋಟಾದಿಂದ ಹೊಡೆದ ಹತ್ತು ಗುಂಡುಗಳ ಗುಂಪುಗಳ ಸರಾಸರಿ ಹರವು ೧೪೦ ಮಿಲಿಮೀಟರು. ಇದರಲ್ಲಿ ಪಿಸ್ತೂಲಿನ ಪಾಲೆಷ್ಟು, ಕೈಯ ಪಾಲೆಷ್ಟು? ೧೪೦ರಲ್ಲಿ ೫೬ನ್ನು ಕಳೆದು ೮೪ ಎನ್ನುವುದು ತಪ್ಪು. ಕೈಯು ಬಲಕ್ಕೆ ತಪ್ಪಿದಾಗ ತೋಟಾ ಎಡಕ್ಕೆ ತಪ್ಪಬಹುದು, ಮೇಲಕ್ಕೂ ತಪ್ಪಬಹುದು. ಎರಡು ದೋಷಗಳಿಗೂ ಪರಸ್ಪರ ಒಪ್ಪಂದವಿಲ್ಲ. ಇಂತಹ ದೋಷಗಳು ಲಂಬಕೋನ ತ್ರಿಭುಜದ ಎರಡು ಭುಜಗಳಂತೆ ಕೂಡುವುವು. ಒಟ್ಟು ದೋಷವು ಕರ್ಣದಂತಿರುವುದು. ಯಜ್ಞವೇದಿಕೆಯನ್ನು ಅಳೆಯುವುದಕ್ಕಾಗಿ ಬೋಧಾಯನನ ಶುಲ್ಬಸೂತ್ರದಲ್ಲಿ ಹೇಳಿದ ನಿಯಮವೇ ಇಲ್ಲಿಯೂ ಸಲ್ಲುವುದು. ೧೪೦ರ ವರ್ಗದಲ್ಲಿ ೫೬ರ ವರ್ಗವನ್ನು ಕಳೆದು ಮೂಲವನ್ನು ತೆಗೆದರೆ ೧೨೮. ಕೈಯ ಪಾಲು ಅದು.

ಈ ಲೆಕ್ಕವನ್ನು ಮುಂದಕ್ಕೆ ನಡೆಸಿದರೆ ಮನೆಯ ಪ್ರಶ್ನೆಗೆ ಉತ್ತರವು ತಾನಾಗಿ ದೊರೆಯುವುದು. ಕೈ ಹಾಗೆಯೇ ಇದ್ದು ಒಳ್ಳೆಯ ತೋಟಾವನ್ನು ಬಳಸಿದರೆ ಒಟ್ಟು ಹರವು ೧೪೦ರಿಂದ ೧೩೧ಕ್ಕೆ ಇಳಿಯುವುದು. ಮುನ್ನೂರರಲ್ಲಿ ಮೂರೋ ನಾಲ್ಕೋ ಅಂಕಗಳ ಲಾಭ. ಬಳೆಗಳನ್ನು ಮಾರಿ ಹೊಸ ಪಿಸ್ತೂಲನ್ನು ತಂದು, ಅದು ೨೫ಕ್ಕೆ ಬದಲಾಗಿ ೧೫ ಮಿಲಿಮೀಟರಿನ ಗುಂಪನ್ನು ಕೊಟ್ಟಿತೆಂದೇ ಇಟ್ಟುಕೊಳ್ಳೋಣ. ಒಟ್ಟು ಹರವು ೧೩೧ರಿಂದ ೧೨೯ಕ್ಕೆ ಬರುವುದು. ಎರಡು ಮಿಲಿಮೀಟರಿಗೆ ಒಂದು ಜೋಡಿ ಬಳೆ! ಅಭ್ಯಾಸದಿಂದ ಕೈಯ ಪಾಲನ್ನು ೧೨೮ರಿಂದ ೯೦ಕ್ಕೆ ಇಳಿಸಿಕೊಂಡರೆ, ಹಳೆಯ ಪಿಸ್ತೂಲು ಮತ್ತು ಒಳ್ಳೆಯ ತೋಟಾದೊಡನೆ ಒಟ್ಟು ಹರವು ೯೩ ಆಗುವುದು. ಅಂಕಗಳು ೨೮೦ರ ಸಮೀಪಕ್ಕೆ ಏರುವುವು.

ಕೈಯ ದೋಷವು ಇಷ್ಟು ದೊಡ್ಡದಾಗುವುದು ಹೇಗೆಂದು ತಾಯಿಯವರು ಕೇಳಿದರು. ಗುರುಗಳು ಮುಂದಿನ ಗುರಿಮೊಳೆಯನ್ನೂ ಹಿಂದಿನ ಗುರಿಗಂಡಿಯನ್ನೂ ತೋರಿಸಿದರು. ನಿಯಮದಂತೆ ಇವೆರಡರ ನಡುವಣ ದೂರವು ೨೨೦ ಮಿಲಿಮೀಟರಿಗೆ ಮೀರಕೂಡದು. ಗಂಡಿಯ ನಡುವೆ ಮೊಳೆಯು ಒಂದೇ ಒಂದು ಮಿಲಿಮೀಟರು ಸರಿದು ಕಂಡರೆ, ೨೫ ಮೀಟರಿನಾಚೆ ಗುಂಡು ಸುಮಾರು ೧೧೪ ಮಿಲಿಮೀಟರು ಸರಿದು ಬೀಳುವುದು. ಆದರೆ ಮೊಳೆಯೂ ಗಂಡಿಯೂ ಸರಿಯಾಗಿ ಕೂಡಿದ್ದು, ಕೈಯೆಲ್ಲವೂ ಒಟ್ಟಾಗಿ ಐದು ಮಿಲಿಮೀಟರು ತೂಗಾಡಿದರೆ ಗುಂಡು ಐದು ಮಿಲಿಮೀಟರಷ್ಟೇ ಸರಿಯುವುದು. ಹೊಸಬರು ಕೈ ನಡುಗುವುದಕ್ಕೆ ಹೆದರಿ, ಗುರಿಯನ್ನು ದಿಟ್ಟಿಸುತ್ತ, ಟ್ರಿಗರನ್ನು ತಟಕ್ಕನೆ ಎಳೆದುಬಿಡುವರು. ಆ ಎಳೆತಕ್ಕೆ ಮೊಳೆಯು ಸರಿದುಹೋಗುವುದು. ಈ ಪಂದ್ಯದಲ್ಲಿ ಟ್ರಿಗರಿನ ಬಿಗಿ ಕನಿಷ್ಠಪಕ್ಷ ಒಂದು ಕಿಲೋಗ್ರಾಮಿರಬೇಕೆಂಬ ನಿಯಮವಿರುವುದರಿಂದ, ಅದನ್ನು ಅಲುಗಾಡದಂತೆ ಒತ್ತುವುದೇ ಒಂದು ವಿದ್ಯೆ. ನಡುಕವು ಸಹಜ, ಎಳೆತವು ದೋಷ ಎಂಬುದು ಗುರುಗಳ ಮಾತಿನ ಸಾರ.

ಮಹಾಗುರಿಕಾರರೂ ಇದಕ್ಕೆ ಹೊರತಲ್ಲ. ಕೊರಿಯದ ಜಿನ್ ಜಾಂಗ್-ಓ ೨೦೧೬ರ ರಿಯೋ ಒಲಿಂಪಿಕ್ಕಿನ ೫೦ ಮೀಟರಿನ ಅಂತಿಮ ಸುತ್ತಿನಲ್ಲಿ ಒಂದು ಗುಂಡನ್ನು ೬.೬ ಅಂಕಕ್ಕೆ ಬಿಟ್ಟನು. ಮುಂಚೆ ೨೦೦೮ರಲ್ಲಿಯೂ ೨೦೧೨ರಲ್ಲಿಯೂ ಅದೇ ಪಂದ್ಯದ ಚಿನ್ನವನ್ನು ಗೆದ್ದವನು ಅವನು. ಆದರೂ ಎದೆಗುಂದದೆ ಮುಂದಿನ ಗುಂಡುಗಳನ್ನು ಹೊಡೆದು ಮೂರನೆಯ ಚಿನ್ನವನ್ನು ಗೆದ್ದನು. ಇನ್ನು ಹಂಗೇರಿಯ ಸೈನಿಕ ಕಾರೊಲಿ ಟಕಾಚನ ಕಥೆಯಂತೂ ಮಕ್ಕಳಿಗೆ ಹೇಳತಕ್ಕದ್ದು. ೧೯೩೮ರಲ್ಲಿ ಕೈಬಾಂಬು ಸಿಡಿದು ಅವನ ಬಲಗೈ ಹಾಳಾಯಿತು. ಗುರಿ ಹಿಡಿಯುತ್ತಿದ್ದ ಕೈಯೇ ಅದು. ಅವನು ಎಡಗೈಯಿಂದ ಮೊದಲಿನಿಂದ ಕಲಿತನು. ಯುದ್ಧದಿಂದಾಗಿ ೧೯೪೦ ಮತ್ತು ೧೯೪೪ರ ಒಲಿಂಪಿಕ್ಕುಗಳು ನಡೆಯಲಿಲ್ಲ. ೧೯೪೮ರಲ್ಲಿ ಲಂಡನ್ನಿನಲ್ಲಿ, ಮೂವತ್ತೆಂಟನೆಯ ವಯಸ್ಸಿನಲ್ಲಿ, ಕ್ಷಿಪ್ರ ಪಿಸ್ತೂಲು ಪಂದ್ಯದಲ್ಲಿ ಅರುವತ್ತು ಗುಂಡುಗಳಿಗೆ ೫೮೦ ಅಂಕಗಳನ್ನು ಗಳಿಸಿ ಚಿನ್ನವನ್ನು ಗೆದ್ದನು. ೧೯೫೨ರಲ್ಲಿ ಹೆಲ್ಸಿಂಕಿಯಲ್ಲಿ ಮರಳಿ ಗೆದ್ದನು. ಕೈಯನ್ನೇ ಕಳೆದುಕೊಂಡವನು ಇನ್ನೊಂದು ಕೈಯನ್ನು ಸೃಷ್ಟಿಸಿಕೊಂಡನೆಂದರೆ, ಇರುವ ಕೈಯನ್ನು ತಿದ್ದಿಕೊಳ್ಳುವುದು ಅಸಾಧ್ಯವೆ?

ಗೃಹಸ್ಥರಿಗೆ ನಾಲ್ಕು ಮಾತು

ಮನೆಯ ಮಕ್ಕಳು ಈ ಆಟಕ್ಕೆ ಮನಸ್ಸುಮಾಡಿದರೆ ಹಿರಿಯರು ನೆನಪಿಡಬೇಕಾದುವು ಇಷ್ಟು. ೧೯೫೯ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿಯಿಲ್ಲದೆ ಇಂತಹ ಪಿಸ್ತೂಲನ್ನು ಇಟ್ಟುಕೊಳ್ಳಲಾಗದು. ಗುಂಡಿನ ಪರೀಕ್ಷೆಯು ನಡೆಯತಕ್ಕದ್ದು ಮಂಜೂರಾದ ಮೈದಾನದಲ್ಲಿ, ತಿಳಿದವರ ಎದುರಿನಲ್ಲಿ ಮಾತ್ರ. ಮನೆಯಲ್ಲಿ ಪಿಸ್ತೂಲನ್ನೂ ತೋಟಾಗಳನ್ನೂ ಬೇರೆ ಬೇರೆ ಬೀಗಗಳಲ್ಲಿಡಬೇಕು. ಆಟಿಕೆಯಂತೆ ಕಾಣುವ ಈ ಸಣ್ಣ ಗುಂಡು ಪ್ರಾಣವನ್ನು ತೆಗೆಯಲು ಶಕ್ತವಾದುದು.

ಹಳೆಯ ಪಿಸ್ತೂಲನ್ನು ಕೊಳ್ಳುವಾಗ ಮಾರುವವರ ಕಾಗದವನ್ನು ನೋಡಿ ಮರುಳಾಗದೆ, ಹತ್ತು ಗುಂಡುಗಳ ಕೆಲವು ಗುಂಪುಗಳನ್ನು ನಿಮ್ಮೆದುರಿಗೇ ಹೊಡೆಯಿಸಿ, ಎಲ್ಲವನ್ನೂ ಅಳೆಯಿರಿ. ಎರಡು ಮೂರು ಬಗೆಯ ತೋಟಾಗಳನ್ನು ಹಾಕಿ ನೋಡದೆ ಯಾವ ಪಿಸ್ತೂಲನ್ನೂ ಕೆಟ್ಟದೆನ್ನಬೇಡಿರಿ. ಒಂದು ಪಿಸ್ತೂಲಿಗೆ ಹಿಡಿಸಿದ ತೋಟಾ ಇನ್ನೊಂದಕ್ಕೆ ಹಿಡಿಸದು. ಒಂದೇ ಹೆಸರಿನ ತೋಟಾದಲ್ಲಿಯೂ ಒಂದು ತಯಾರಿಕೆಗೂ ಮತ್ತೊಂದು ತಯಾರಿಕೆಗೂ ಭೇದವಿರುವುದು. ಒಳ್ಳೆಯದು ದೊರೆತರೆ ಅದೇ ತಯಾರಿಕೆಯ ಪೆಟ್ಟಿಗೆಗಳನ್ನು ಪರವಾನಗಿಯ ಮಿತಿಯೊಳಗೆ ಪಂದ್ಯಕ್ಕಾಗಿ ತೆಗೆದಿರಿಸಿರಿ. ಎಲ್ಲಕ್ಕಿಂತ ಮಿಗಿಲಾಗಿ, ಮಕ್ಕಳು ‘ತಪ್ಪು ನನ್ನದಲ್ಲ’ ಎಂದಾಗ ಗಾದೆಯನ್ನು ಹೇಳಿ ಬಾಯಿ ಮುಚ್ಚಿಸಬೇಡಿರಿ. ಕೇಳಿದುದನ್ನೆಲ್ಲ ಕೊಂಡುಕೊಡಲೂ ಬೇಡಿರಿ. ಅಳೆದು ನೋಡಿರಿ.

ನಮ್ಮ ಹುಡುಗಿಯ ವಿಷಯದಲ್ಲಿ ನೆಲವೂ ಸ್ವಲ್ಪ ಡೊಂಕಾಗಿತ್ತು, ಕಾಲೂ ಡೊಂಕಾಗಿತ್ತು. ನೆಲದ ಡೊಂಕು ಒಂದು ಪೆಟ್ಟಿಗೆ ತೋಟಾದಿಂದ ಸರಿಹೋಯಿತು. ಬಡಗಿಯೊಬ್ಬನು ಮರದ ಹಿಡಿಯನ್ನು ಅವಳ ಅಂಗೈಗೆ ಹೊಂದುವಂತೆ ಕೆತ್ತಿಕೊಟ್ಟನು. ಕೈಯ ಡೊಂಕನ್ನು ಅವಳೇ ತಿದ್ದಿಕೊಳ್ಳುತ್ತಿರುವಳು. ಪ್ರತಿದಿನ ಬೆಳಿಗ್ಗೆ ಖಾಲಿ ಪಿಸ್ತೂಲನ್ನು ಬಿಳಿಯ ಗೋಡೆಗೆ ಹಿಡಿದು, ಮೊಳೆಯು ಅಲುಗಾಡದಂತೆ ಟ್ರಿಗರನ್ನು ಒತ್ತುವ ಅಭ್ಯಾಸವನ್ನು ಅರ್ಧ ಗಂಟೆ ಮಾಡುವಳು. ಅದಕ್ಕೂ ಮುನ್ನ ನಳಿಗೆಯು ಖಾಲಿಯಾಗಿದೆಯೆಂಬುದನ್ನು ತಂದೆಗೊಮ್ಮೆ ತೋರಿಸಬೇಕೆಂಬುದು ಮನೆಯ ಕಟ್ಟಳೆ.

ಕಳೆದ ಸಲ ನಾನು ಹೋದಾಗ ತಾಯಿಯವರು ಕಾಫಿಯನ್ನು ತಂದಿಟ್ಟರು. ಕೈಯಲ್ಲಿ ಬಳೆಗಳು ಸದ್ದುಮಾಡಿದುವು. ಅಂಕಗಳು ಎಷ್ಟಾದುವೆಂದು ಹುಡುಗಿಯನ್ನು ಕೇಳಿದೆನು. “ಇನ್ನೂರ ಎಪ್ಪತ್ತೊಂದು, ಮಾಮ” ಎಂದಳು. “ಉಳಿದ ಇಪ್ಪತ್ತೊಂಬತ್ತು ನನ್ನವೇ; ಪಿಸ್ತೂಲಿನದು ಒಂದೂ ಇಲ್ಲ.” ಹಾಗೆ ಹೇಳುವಾಗ ಅವಳ ಮುಖದಲ್ಲಿ ವ್ಯಥೆಯಿರಲಿಲ್ಲ. ತಪ್ಪು ತನ್ನದೆಂದು ನಿಶ್ಚಯವಾಗಿ ತಿಳಿದವರಿಗೆ ಅದನ್ನು ತಿದ್ದಿಕೊಳ್ಳುವ ದಾರಿಯೂ ತಿಳಿದಿರುವುದು.